ಬಾಲವಾಡಿ ಮುಚ್ಚುವ ಮೊದಲು ಲೆಕ್ಕ ಸರಿಯಾಗಿ ಹಾಕಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಎರಡು ಸುದ್ದಿ ತಪ್ಪುವುದಿಲ್ಲ. ಒಂದು, ಬಾವಿ ಬತ್ತಿದ ಸುದ್ದಿ. ಇನ್ನೊಂದು, ಮಕ್ಕಳು ಕಡಿಮೆ ಇರುವ ಶಾಲೆ, ಅಂಗನವಾಡಿಗಳನ್ನು ಪಕ್ಕದ ಊರಿಗೆ ಸೇರಿಸುವ ಸುದ್ದಿ. ಶಾಲೆಯ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ. ಅಂಗನವಾಡಿಯ ಬಗ್ಗೆ ಬರೆಯುವವರು ಕಡಿಮೆ. ಅಂಕೋಲಾ, ಕುಮಟಾ ಕಡೆಯ ಹಳ್ಳಿಗರ ಬಾಯಲ್ಲಿ ಅದು ಇಂದಿಗೂ ಬಾಲವಾಡಿ, ಅಲ್ಲಿಯ ಕಾರ್ಯಕರ್ತೆ ಅಕ್ಕೋರು. ‘ಐದು ಮಕ್ಕಳಿಗೆ ಇಬ್ಬರು ಸಿಬ್ಬಂದಿ ಯಾಕೆ?’ ಎಂಬ ಪ್ರಶ್ನೆ ಕೇಳಲು ನ್ಯಾಯವಾಗಿಯೇ ಇದೆ. ಆದರೆ ಆ ಐದು ಎಂಬ ಸಂಖ್ಯೆ ಹುಟ್ಟಿದ್ದು ಹೇಗೆ ಎಂದು ನೋಡಿದರೆ ಪ್ರಶ್ನೆಯೇ ಬದಲಾಗುತ್ತದೆ.

ಲೆಕ್ಕಕ್ಕೆಂದು ಒಂದು ಕೊಪ್ಪ (ಚಿಕ್ಕ ಊರು) ಇಟ್ಟುಕೊಳ್ಳೋಣ. 80 ಮನೆ, 350 ಜನ. ನಮ್ಮ ರಾಜ್ಯದ ಜನನ ಪ್ರಮಾಣ ಸಾವಿರಕ್ಕೆ 16ರ ಆಸುಪಾಸು. ಅಂದರೆ ಈ ಕೊಪ್ಪದಲ್ಲಿ ವರ್ಷಕ್ಕೆ ಐದಾರು ಹೆರಿಗೆ. 3 ವರ್ಷ ತುಂಬಿ 6 ಆಗದ ಮಕ್ಕಳು ಸುಮಾರು 16. ಆರು ತಿಂಗಳಿಂದ 3 ವರ್ಷದೊಳಗಿನವರು 14. ಯಾವುದೇ ಒಂದು ತಿಂಗಳು ತೆಗೆದರೆ ಗರ್ಭಿಣಿಯರು, ಆರು ತಿಂಗಳೊಳಗಿನ ಕೂಸಿರುವ ಬಾಣಂತಿಯರು ಸೇರಿ 6 ಮಂದಿ. ಒಟ್ಟು 36. ಇವರಲ್ಲಿ ದಿನಾ ಬಂದು ಚಾಪೆಯ ಮೇಲೆ ಕೂರಬೇಕಾದವರು ಆ 16 ಮಕ್ಕಳು ಮಾತ್ರ. ಅದರಲ್ಲಿ 9 ಮಕ್ಕಳು ಇಂಗ್ಲಿಷ್ ಮೀಡಿಯಂ ವ್ಯಾನು ಹತ್ತಿ ಪೇಟೆಗೆ ಹೋದರೆ ಉಳಿದದ್ದು 7. ಒಂದಕ್ಕೆ ಜ್ವರ, ಒಂದು ಅಜ್ಜಿ ಮನೆಗೆ ಹೋಗಿದೆ ಎಂದರೆ ತಪಾಸಣೆಗೆ ಬಂದವರ ಕಣ್ಣಿಗೆ ಕಂಡದ್ದು 5. ವರದಿಯಲ್ಲಿ ‘ಮಕ್ಕಳ ಸಂಖ್ಯೆ 5’ ಎಂದಾಯಿತು. ವ್ಯಾನಿನ ಮಕ್ಕಳನ್ನು ಬಿಟ್ಟರೂ ಆ ಕೇಂದ್ರದ ಮೇಲೆ 27 ಜನರ ಭಾರ ಇದೆ ಎಂಬುದು ವರದಿಯ ಆ ಸಾಲಿನಲ್ಲಿ ಇಲ್ಲ.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗಿನಿಂದಲೂ (ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ) ಕೇಂದ್ರಕ್ಕೆ ಆರು ಕೆಲಸ: ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ. ಚಾಪೆಯ ಮೇಲೆ ಕಾಣುವುದು ಕೊನೆಯದೊಂದೇ. ಉಳಿದ ಐದು ಕಾಣುವುದು ಮನೆ ಬಾಗಿಲಲ್ಲಿ.

ನಿಯಮವೂ ಹಾಜರಿಯನ್ನು ನೋಡಿ ಬರೆದದ್ದಲ್ಲ. ಬಯಲುಸೀಮೆಯ ಹಳ್ಳಿಗೆ 400ರಿಂದ 800 ಜನಸಂಖ್ಯೆಗೆ ಒಂದು ಅಂಗನವಾಡಿ. ಬುಡಕಟ್ಟು, ಗುಡ್ಡಗಾಡು, ಹೊಳೆಸಾಲಿನ ಪ್ರದೇಶಕ್ಕೆ 300ರಿಂದ 800ಕ್ಕೆ ಒಂದು. ಮಿನಿ ಅಂಗನವಾಡಿಗೆ ಬಯಲಿನಲ್ಲಿ 150ರಿಂದ 400 ಜನ, ಬುಡಕಟ್ಟು, ಗುಡ್ಡಗಾಡು, ಹೊಳೆಸಾಲಿನಲ್ಲಿ 150ರಿಂದ 300 ಜನ. ಜೋಯಿಡಾದ ಕುಣಬಿ ಹಾಡಿಗಳು, ಯಲ್ಲಾಪುರ ಕಾಡಿನ ಸಿದ್ದಿಯರ ಮನೆಗಳು, ಅಘನಾಶಿನಿ, ಶರಾವತಿ ಹೊಳೆಗಳ ಒಳಗಿನ ಕುರ್ವೆಗಳು (ನಡುಗಡ್ಡೆಗಳು), ಶಿರಸಿ, ಸಿದ್ದಾಪುರದಲ್ಲಿ ತೋಟಕ್ಕೊಂದರಂತೆ ಇರುವ ಒಂಟಿಮನೆಗಳು, ಇವೆಲ್ಲ ಈ ಎರಡನೆಯ ಸಾಲಿಗೆ ಸೇರುವಂಥವು. ಮೇಲೆ ಹೇಳಿದ 350 ಜನರ ಕೊಪ್ಪಕ್ಕೆ ಹೊಳೆಸಾಲಿನ ಲೆಕ್ಕದಲ್ಲಿ ಪೂರ್ಣ ಕೇಂದ್ರ ಸಿಗಬೇಕು. ಬಯಲಿನ ಲೆಕ್ಕ ಹಿಡಿದರೆ ಮಿನಿ. ಅರ್ಜಿಯ ಜೊತೆ ಯಾವ ಅಳತೆ ಅನ್ವಯ ಎಂದು ಬರೆಯದೆ ಬರಿಯ ಜನಸಂಖ್ಯೆ ಬರೆದರೆ ಕಚೇರಿಯಲ್ಲಿ ಕೂತವರು ಬಯಲಿನ ಅಳತೆಯನ್ನೇ ಹಿಡಿಯುತ್ತಾರೆ. ಬೇಡಿಕೆ ಸಲ್ಲಿಸುವ ಪಂಚಾಯಿತಿಗಳು ಇದನ್ನು ಗಮನಿಸಬೇಕು. ಕೇಂದ್ರವೇ ಇಲ್ಲದ ಕಡೆ 6 ವರ್ಷದೊಳಗಿನ 40 ಮಕ್ಕಳಿದ್ದರೆ ಬೇಡಿಕೆ ಸಲ್ಲಿಸಿದ ಮೂರು ತಿಂಗಳಲ್ಲಿ ಅಂಗನವಾಡಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದು ಹೇಳಿದೆ. ಆ 40 ಹೊಸ ಕೇಂದ್ರ ಕೇಳಲು ಇರುವ ಅಳತೆ. ಅದನ್ನೇ ಇದ್ದ ಕೇಂದ್ರ ಮುಚ್ಚಲು ಬಳಸುವ ವಾದ ಕೇಳಿಬರುತ್ತಿದೆ. ಹಾಗೆ ನೋಡಿದರೆ ಘಟ್ಟದ ಮೇಲಿನ ಅರ್ಧ ಕೇಂದ್ರಗಳು ಉಳಿಯಲಾರವು.

ಇನ್ನು ದಾಖಲಾತಿ. ಮಗು ಇದೆ, ಆದರೆ ಲೆಕ್ಕದಲ್ಲಿ ಇಲ್ಲ ಎಂಬುದು ಕರಾವಳಿಯಲ್ಲಿ ಸಾಮಾನ್ಯ. ಅದಕ್ಕೆ ಕಾರಣಗಳೂ ಇಲ್ಲಿಯವೇ. ಮೊದಲ ಹೆರಿಗೆ ತವರಿನಲ್ಲಿ. ಬಸುರಿಯ ಹೆಸರು ಗಂಡನ ಊರಿನ ಕೇಂದ್ರದಲ್ಲಿ ಬರೆಸಿರುತ್ತಾರೆ, ಏಳನೇ ತಿಂಗಳಿಗೆ ತವರಿಗೆ ಹೋಗುತ್ತಾಳೆ, ಕೂಸು ಹುಟ್ಟಿದ್ದು ಇನ್ನೊಂದು ತಾಲ್ಲೂಕಿನ ಆಸ್ಪತ್ರೆಯಲ್ಲಿ. ಕೂಸಿಗೆ ಐದು ತಿಂಗಳಾದ ಮೇಲೆ ತಾಯಿ ಗಂಡನ ಮನೆಗೆ ಮರಳಿದರೂ ಹೆಸರು ತವರಿನಲ್ಲಿಯೇ ಉಳಿದಿರುತ್ತದೆ. ಎರಡೂ ಕಡೆ ಇದ್ದರೆ ನಕಲು ಎಂದು ಒಂದು ಕಡೆ ಅಳಿಸುತ್ತಾರೆ. ಹಲವು ಸಲ ಅಳಿಸುವುದು ಮಗು ಈಗಿರುವ ಕಡೆಯದನ್ನೇ. ಅಂಗನವಾಡಿಗಳ ಲೆಕ್ಕ ಇಡುವ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಫಲಾನುಭವಿಯನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ವರ್ಗಾಯಿಸುವ ಅವಕಾಶ ಇದೆ. ಹೊಸದಾಗಿ ಹೆಸರು ಸೇರಿಸುವ ಬದಲು ಹಳೆಯ ಕೇಂದ್ರದಿಂದ ವರ್ಗ ಮಾಡಿಸಿಕೊಂಡರೆ ಈ ಗೋಜಲು ಬರುವುದಿಲ್ಲ. ತಾಯಿ ಕಾರ್ಡನ್ನು ತವರಿನಲ್ಲಿ ಬಿಟ್ಟು ಬರಬೇಡಿ ಎಂದು ಆಶಾ ಕಾರ್ಯಕರ್ತೆ ಹೇಳುವುದು ಈ ಕಾರಣಕ್ಕೂ ಹೌದು.

ಜನನ ಪತ್ರ ಮತ್ತೊಂದು ತೊಡಕು. ಜನನ ನೋಂದಣಿ ಆಗುವುದು ಹುಟ್ಟಿದ ಜಾಗದಲ್ಲಿ, ಮನೆ ಇರುವ ಜಾಗದಲ್ಲಿ ಅಲ್ಲ. ಕಾರವಾರದ ಕಡೆಯವರು ಹೆರಿಗೆಗೆ ಗೋವಾಕ್ಕೆ ಹೋಗುವುದುಂಟು, ಭಟ್ಕಳದವರು ಕುಂದಾಪುರಕ್ಕೋ ಮಣಿಪಾಲಕ್ಕೋ. ಹುಟ್ಟಿದ 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವೂ ಇಲ್ಲ, ಅಲೆದಾಟವೂ ಇಲ್ಲ. ಆಸ್ಪತ್ರೆಯಿಂದ ಹೊರಡುವಾಗ ಮಗುವಿನ ಹೆಸರು ಇಟ್ಟಿರುವುದಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟು ಪತ್ರ ಪಡೆದವರು ಆಮೇಲೆ ಹೆಸರು ಸೇರಿಸುವುದನ್ನು ಮರೆಯುತ್ತಾರೆ. ಮಗುವಿನ ನೀಲಿ ಆಧಾರ್ ಅಲ್ಲಿಗೆ ನಿಂತಿತು. 5 ವರ್ಷದೊಳಗೆ ಮಗುವಿನ ಬೆರಳಚ್ಚು ಬೇಡ, ಜನನ ಪತ್ರದ ಜೊತೆ ತಂದೆ ಅಥವಾ ತಾಯಿಯ ಆಧಾರ್ ಸಾಕು. 5 ತುಂಬಿದ ಮೇಲೆ ಬೆರಳಚ್ಚು, ಕಣ್ಣಿನ ಗುರುತು ಕೊಟ್ಟು ನವೀಕರಿಸಬೇಕು. ಒಂದನೇ ತರಗತಿಗೆ ಸೇರಿಸುವ ವಾರದಲ್ಲಿ ಆಧಾರ್ ಕೇಂದ್ರದ ಮುಂದೆ ಸಾಲು ನಿಲ್ಲುವವರಲ್ಲಿ ಬಹುಪಾಲು ಇದೇ ಬಾಕಿ ಇಟ್ಟವರು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಮೊಬೈಲು. ಆಧಾರಿಗೆ ಜೋಡಿಸಿದ ನಂಬರು ಸಾಮಾನ್ಯವಾಗಿ ಗಂಡನದು. ಒಟಿಪಿ ಹೋಗುವುದು ಆ ನಂಬರಿಗೆ. ಆತ ದೋಣಿಯಲ್ಲಿ ಆಳಸಮುದ್ರಕ್ಕೆ ಹೋಗಿ ನಾಲ್ಕು ದಿನ, ಒಂದು ವಾರ ಆಗಿರುತ್ತದೆ. ಇಲ್ಲಿ ಹೆಂಡತಿ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗನವಾಡಿಯಲ್ಲಿ ಕೂತಿರುತ್ತಾಳೆ, ಒಟಿಪಿ ಸಿಗ್ನಲ್ ಇಲ್ಲದ ನೀರಿನ ಮೇಲೆ. 2025ರ ಜುಲೈ 1ರಿಂದ ಮನೆಗೆ ಒಯ್ಯುವ ಆಹಾರಕ್ಕೆ ಮುಖ ಗುರುತಿಸುವ ವ್ಯವಸ್ಥೆ ಕಡ್ಡಾಯವಾಯಿತು. ಅದಕ್ಕೆ ಮೊದಲು ಆಧಾರ್ ಮೂಲಕ ಗುರುತು ಖಚಿತಪಡಿಸುವ ಇ-ಕೆವೈಸಿ ಆಗಿರಬೇಕು, ಇ-ಕೆವೈಸಿಗೆ ಒಟಿಪಿ ಬೇಕು. ಇದಕ್ಕೆ ನಮ್ಮ ಕರಾವಳಿಯ ಪಂಚಾಂಗದಲ್ಲೇ ಒಂದು ಉಪಾಯ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆ 61 ದಿನ ಗಂಡಸರೂ ಮನೆಯಲ್ಲಿ, ಮೊಬೈಲೂ ಮನೆಯಲ್ಲಿ. ಮೀನುಗಾರ ಕೇರಿಗಳ ಇ-ಕೆವೈಸಿಯನ್ನು ಆ ಎರಡು ತಿಂಗಳಲ್ಲಿ ಮುಗಿಸಿಬಿಡುವಂತೆ ಇಲಾಖೆ ಯೋಜಿಸಬೇಕು. ಈಗ ಗುರಿ ತಲುಪುವ ಗಡುವು ರಾಜ್ಯಕ್ಕೆಲ್ಲ ಒಂದೇ. ಬಂದರಿಗೂ ಬಯಲಿಗೂ ವ್ಯತ್ಯಾಸ ಇಲ್ಲ.

ಒಂದು ಅಪ್ರಿಯ ಸಂಗತಿಯನ್ನೂ ಹೇಳಲೇಬೇಕು. ಕೆಲವು ಕೇಂದ್ರಗಳಲ್ಲಿ ವ್ಯಾನು ಹತ್ತಿ ಹೋಗುವ ಮಕ್ಕಳ ಹೆಸರೂ ಹಾಜರಿ ಪುಸ್ತಕದಲ್ಲಿ ಇರುತ್ತದೆ. ಕೇಂದ್ರ ಉಳಿಯಬೇಕಾದರೆ ಸಂಖ್ಯೆ ಬೇಕು ಎಂಬ ಭಯ ಅದಕ್ಕೆ ಕಾರಣ. ಸುಳ್ಳು ಹಾಜರಿ ಕಂಡ ಮೇಲೆ ಸತ್ಯ ಹಾಜರಿಯನ್ನೂ ಯಾರೂ ನಂಬುವುದಿಲ್ಲ. ಇದು ನಿಲ್ಲಬೇಕಾದರೆ ಮೂರು ಸಂಖ್ಯೆಗಳನ್ನು ಬೇರೆ ಬೇರೆ ಬರೆಯುವ ಪದ್ಧತಿ ಬರಬೇಕು: ಊರಲ್ಲಿ ವಾಸವಿರುವ ಮಕ್ಕಳು, ಆಹಾರ ಮತ್ತು ತೂಕಕ್ಕೆ ಮಾತ್ರ ಬರುವವರು, ದಿನಾ ಕೂರುವವರು. ಖಾಸಗಿ ಎಲ್‌ಕೆಜಿಗೆ ಸೇರಿದ ಮಗುವಿನ ತೂಕ ನೋಡುವವರು ಯಾರೂ ಇಲ್ಲ. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಅದನ್ನು ಅಳೆಯುವ ಪಟ್ಟಿ ಇರುವುದು ಅಂಗನವಾಡಿಯಲ್ಲಿ, ವ್ಯಾನಿನಲ್ಲಿ ಅಲ್ಲ. ಆ ಮಗುವನ್ನು ತಿಂಗಳಿಗೊಮ್ಮೆ ಕರೆಸಿ ತೂಗಿದರೆ ತಪ್ಪಿಲ್ಲ. ಆದರೆ ಅದನ್ನು ದಿನದ ಹಾಜರಿ ಎಂದು ಬರೆಯಬಾರದು.

ಸಿಬ್ಬಂದಿಯ ವಿಚಾರಕ್ಕೆ ಬರೋಣ. ಕೇಂದ್ರ ಸೊರಗುವುದು ಹೆಚ್ಚಾಗಿ ಇಲ್ಲಿಂದಲೇ. ಕಾರ್ಯಕರ್ತೆ ನಿವೃತ್ತಿಯಾಗುವುದು 60ಕ್ಕೆ. ಆ ತಾರೀಕು ನೇಮಕದ ದಿನವೇ ಗೊತ್ತಿರುತ್ತದೆ. ಇಪ್ಪತ್ತು, ಮೂವತ್ತು ವರ್ಷ ಮೊದಲೇ. ಆದರೂ ಅರ್ಜಿ ಕರೆಯುವುದು ಹುದ್ದೆ ಖಾಲಿಯಾದ ಮೇಲೆ. ಆಯ್ಕೆ ಪಟ್ಟಿ, ಆಕ್ಷೇಪಣೆ, ಆದೇಶ ಎಂದು ತಿಂಗಳುಗಳು ಕಳೆಯುತ್ತವೆ. ಅಷ್ಟರವರೆಗೆ ಪಕ್ಕದ ಊರಿನ ಕಾರ್ಯಕರ್ತೆಗೆ ಪ್ರಭಾರ. ಆಕೆ ತನ್ನ ಕೇಂದ್ರ ಬಿಟ್ಟು ಬರಲಾರಳು; ವಾರಕ್ಕೆ ಎರಡು ದಿನ ಬಂದು ರಿಜಿಸ್ಟರ್ ಬರೆದು ಹೋಗುತ್ತಾಳೆ. ಸಹಾಯಕಿ ಅನ್ನ ಬೇಯಿಸಿ ಬಡಿಸುತ್ತಾಳೆ, ಪಾಠ ನಡೆಯುವುದಿಲ್ಲ. ಎರಡು ತಿಂಗಳು ನೋಡಿದ ಪೋಷಕರು ಮೂರನೇ ತಿಂಗಳು ವ್ಯಾನಿನ ದುಡ್ಡು ಕಟ್ಟುತ್ತಾರೆ. ಒಮ್ಮೆ ಯೂನಿಫಾರ್ಮ್ ಹೊಲಿಸಿ ವರ್ಷದ ಶುಲ್ಕ ಕಟ್ಟಿದ ಮನೆಯ ಮಗು ಹೊಸ ಅಕ್ಕೋರು ಬಂದರೂ ಮರಳುವುದಿಲ್ಲ. ಹೊಸಬಳು ಬರುವ ಹೊತ್ತಿಗೆ ಚಾಪೆಯ ಮೇಲೆ ಮೂರು ಮಕ್ಕಳು. ಮುಂದಿನ ಬೇಸಿಗೆಯ ವಿಲೀನ ಪಟ್ಟಿಯಲ್ಲಿ ಆ ಕೇಂದ್ರದ ಹೆಸರು ಬರುತ್ತದೆ, ಕಾರಣ ‘ಮಕ್ಕಳ ಕೊರತೆ’. ನಿವೃತ್ತಿಗೆ ಆರು ತಿಂಗಳಿರುವಾಗಲೇ ಅರ್ಜಿ ಕರೆದರೆ ಹೊಸಬಳು ಹಳಬಳ ಜೊತೆ ಒಂದು ತಿಂಗಳು ಕೂತು ಮನೆಮನೆ ಪರಿಚಯ ಮಾಡಿಕೊಂಡೇ ಕೆಲಸ ಹಿಡಿಯಬಹುದು.

ಅರ್ಹತೆಯ ಪ್ರಶ್ನೆಯೂ ಇದೆ. ಈಗ ಕಾರ್ಯಕರ್ತೆಗೆ ಪಿಯುಸಿ, ಸಹಾಯಕಿಗೆ ಎಸ್ಸೆಸ್ಸೆಲ್ಸಿ ಆಗಿರಬೇಕು, ವಯಸ್ಸು 35 ಮೀರಿರಬಾರದು, ಅದೇ ಊರಿನವಳಾಗಿರಬೇಕು, ಕನ್ನಡ ಓದಿರಬೇಕು. ಒಂದೊಂದೂ ಸರಿಯಾದ ಷರತ್ತೇ. ಆದರೆ 200 ಜನರ ಗೌಳಿ ವಾಡದಲ್ಲಿ (ದನ ಸಾಕುವ ಗೌಳಿಗರ ಕೇರಿಯಲ್ಲಿ) ಇಷ್ಟೂ ಕೂಡಿಬರುವ ಹೆಂಗಸು ಒಬ್ಬಳೂ ಇರದಿರಬಹುದು. ಮದುವೆಯಾಗಿ ಹೊರಗೆ ಹೋದವಳಿಗೆ ಅರ್ಹತೆ ಇದ್ದರೂ ವಿಳಾಸ ಬೇರೆ. ಅರ್ಜಿಯೇ ಬರಲಿಲ್ಲ ಎಂದು ಹುದ್ದೆಯನ್ನು ಖಾಲಿ ಬಿಡುವುದಕ್ಕಿಂತ ಪಕ್ಕದ ಮಜರೆಯ ಅಭ್ಯರ್ಥಿಗೆ ಅವಕಾಶ ಕೊಡುವುದು ವಾಸಿ. ಮಕ್ಕಳ ಮನೆಮಾತು ಬಲ್ಲವಳಿಗೆ ಆದ್ಯತೆ ಸಿಗಲಿ. ಮನೆಯಲ್ಲಿ ಕೊಂಕಣಿಯನ್ನೋ ಭಟ್ಕಳ ಕಡೆಯ ನವಾಯತಿಯನ್ನೋ ಮಾತ್ರ ಕೇಳಿ ಬೆಳೆದ 3 ವರ್ಷದ ಮಗು ಮೊದಲ ತಿಂಗಳು ‘ನೀರು ಬೇಕು’ ಎಂದು ಕೇಳುವುದು ಆ ಮಾತಿನಲ್ಲಿಯೇ. ಅದು ಅರ್ಥವಾಗದ ಕಡೆ ಮಗು ಅಳುತ್ತದೆ, ಅತ್ತ ಮಗುವನ್ನು ತಾಯಿ ಮರುದಿನ ಕಳಿಸುವುದಿಲ್ಲ.

ಮಿನಿ ಅಂಗನವಾಡಿಯ ಪಾಡು ಇನ್ನೊಂದು. ಅಲ್ಲಿ ಸಹಾಯಕಿ ಇಲ್ಲ. ಬೆಳಿಗ್ಗೆ ಬಾಗಿಲು ತೆಗೆದು ಕಸ ಗುಡಿಸಿ, ನೀರು ತಂದು, ಹಾಲಿನ ಪುಡಿ ಕದಡಿ, ಅನ್ನ–ಸಾರಿಗೆ ಇಟ್ಟು, ಆ ನಡುವೆಯೇ ಶಾಲಾಪೂರ್ವ ಶಿಕ್ಷಣದ ‘ಚಿಲಿಪಿಲಿ’ ಚಟುವಟಿಕೆ ಮಾಡಿಸಬೇಕು. ಕುದಿಯುವ ಪಾತ್ರೆ ಮತ್ತು 3 ವರ್ಷದ ಮಕ್ಕಳು ಒಂದೇ ಕೋಣೆಯಲ್ಲಿ, ನೋಡಿಕೊಳ್ಳುವವಳು ಒಬ್ಬಳು. ಪೂರ್ಣ ಕೇಂದ್ರದಲ್ಲಿ ಮನೆಮನೆಗೆ ಹೋಗಿ ಮಕ್ಕಳ ಕೈ ಹಿಡಿದು ಕರೆತರುವವಳು ಸಹಾಯಕಿ. ಹಾಜರಿ ನಿಂತಿರುವುದು ಪಾಠದ ಮೇಲಿಗಿಂತ ಆಕೆಯ ಆ ಅರ್ಧ ಗಂಟೆಯ ಓಡಾಟದ ಮೇಲೆ. ಸಹಾಯಕಿ ಹುದ್ದೆ ಖಾಲಿಯಾದ ತಿಂಗಳು ಹಾಜರಿ ಪುಸ್ತಕ ತೆರೆದು ನೋಡಿದರೆ ಸಾಕು, ತಿಳಿಯುತ್ತದೆ. ಇದರ ಮೇಲೆ ಮತಗಟ್ಟೆ ಅಧಿಕಾರಿ ಕೆಲಸ, ತಾಯಂದಿರಿಗೆ ಹಣ ಸಹಾಯ ಕೊಡುವ ಮಾತೃವಂದನಾ ಯೋಜನೆಯ ಅರ್ಜಿ, ಇತರ ಸಮೀಕ್ಷೆಗಳು. ಅಂಗನವಾಡಿ ಕೆಲಸ ಅರೆಕಾಲಿಕ ಅಲ್ಲ, ಕಾರ್ಯಕರ್ತೆ ಮತ್ತು ಸಹಾಯಕಿಗೆ 1972ರ ಗ್ರ್ಯಾಚುಟಿ ಕಾಯ್ದೆ ಅನ್ವಯಿಸುತ್ತದೆ ಎಂದು 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆದರೂ ಅವರಿಗೆ ಸಿಗುವುದನ್ನು ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ಕೇಂದ್ರ ಸರ್ಕಾರ 2018ರಲ್ಲಿ ಕಾರ್ಯಕರ್ತೆಗೆ ₹4,500, ಸಹಾಯಕಿಗೆ ₹2,250 ಎಂದು ಗೊತ್ತುಮಾಡಿತು. ಅದರಲ್ಲಿಯೂ ಕೇಂದ್ರದ ಪಾಲು 60%. ಅಂದರೆ ಕಾರ್ಯಕರ್ತೆಯ ಕೈಗೆ ದೆಹಲಿಯಿಂದ ಬರುವುದು ₹2,700. ಉಳಿದದ್ದೆಲ್ಲ ರಾಜ್ಯದ್ದು. 2025–26ರ ಬಜೆಟ್ಟಿನಲ್ಲಿ ರಾಜ್ಯ ಕಾರ್ಯಕರ್ತೆಗೆ ಸಾವಿರ, ಸಹಾಯಕಿಗೆ ₹750 ಏರಿಸಿತು. ಹಾಗಾಗಿ ಅಂಗನವಾಡಿಗಳನ್ನು ಕಡಿಮೆ ಮಾಡಿ ಹಣ ಉಳಿಸುವ ಆಸೆ ಬೆಂಗಳೂರಿಗೆ ಬರುವುದು ಸಹಜ. ಖರ್ಚಿನ ದೊಡ್ಡ ತುಂಡು ಅವರದ್ದೇ.

ಹಣದ ಮಾತು ಬಂದಾಗ ಚಿಕ್ಕ ಕೇಂದ್ರಕ್ಕೆ ಆಗುವ ನಷ್ಟವನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಇದು ಯಾವ ವರದಿಯಲ್ಲಿಯೂ ಕಾಣುವುದಿಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಗೊತ್ತುಮಾಡಿದ ದರ ಮಗುವಿಗೆ ದಿನಕ್ಕೆ ₹8, ಗರ್ಭಿಣಿ–ಬಾಣಂತಿಗೆ ₹9.50, ತೀವ್ರ ಅಪೌಷ್ಟಿಕ ಮಗುವಿಗೆ ₹12. ಇದನ್ನು ಕೇಂದ್ರ, ರಾಜ್ಯ ಅರ್ಧರ್ಧ ಹಾಕಿಕೊಳ್ಳುತ್ತವೆ. ಈ ಎಂಟು ರೂಪಾಯಿಯಲ್ಲಿ ಆಗಿನ ನಿಯಮದಂತೆ 3ರಿಂದ 6 ವರ್ಷದ ಮಗುವಿಗೆ 500 ಕಿಲೊ ಕ್ಯಾಲರಿ, 12–15 ಗ್ರಾಂ ಪ್ರೋಟೀನು ಸಿಗಬೇಕಿತ್ತು, ವರ್ಷಕ್ಕೆ 300 ದಿನ. 2017ರ ಬೇಳೆ ಬೆಲೆಯನ್ನು ನೆನಪಿಟ್ಟುಕೊಂಡು ಇವತ್ತು ಅಂಗಡಿಗೆ ಹೋಗಿ ನೋಡಿ. ಅದಿರಲಿ. 40 ಮಕ್ಕಳ ಕೇಂದ್ರಕ್ಕೆ ದಿನಕ್ಕೆ ₹320, 7 ಮಕ್ಕಳ ಕೇಂದ್ರಕ್ಕೆ ₹56. ಆದರೆ ಒಲೆ ಒಂದೇ. ಏಳು ಮಕ್ಕಳ ಸಾರು ಕುದಿಯಲು ನಲವತ್ತು ಮಕ್ಕಳ ಸಾರಿನ ಆರನೇ ಒಂದು ಪಾಲು ಗ್ಯಾಸು ಸಾಲುವುದಿಲ್ಲ, ಒಗ್ಗರಣೆಗೂ ಹಾಗೆಯೇ. ಪಾತ್ರೆ ತೊಳೆಯುವ ಪುಡಿ, ಪೊರಕೆ, ಸಿಲಿಂಡರು ತರುವ ರಿಕ್ಷಾ ಬಾಡಿಗೆ, ಇವು ಮಕ್ಕಳ ಸಂಖ್ಯೆ ನೋಡಿ ಇಳಿಯುವುದಿಲ್ಲ.

ಮೊಟ್ಟೆಯದ್ದೂ ಇದೇ ಕತೆ. ವಾರಕ್ಕೆ ಎರಡು ದಿನ ಏಳು ಮಕ್ಕಳಿಗೆ ಎಂದರೆ 14 ಮೊಟ್ಟೆ. ಪೇಟೆಯಲ್ಲಿ ಸಗಟು ದರಕ್ಕೆ ಸಿಗುವುದು 30ರ ಟ್ರೇ. ಟ್ರೇ ತಂದರೆ ಎರಡು ವಾರ ಇಡಬೇಕು, ಫ್ರಿಜ್ ಇಲ್ಲ. ಹಾಗಾಗಿ ಊರಂಗಡಿಯಲ್ಲಿ ಬಿಡಿ ಮೊಟ್ಟೆ ಕೊಳ್ಳುತ್ತಾರೆ. ಬಿಡಿ ಮೊಟ್ಟೆಯ ದರ ಮಂಜೂರಾದ ದರಕ್ಕಿಂತ ಮೇಲೆ. ಹಣ ಬಾಲವಿಕಾಸ ಸಮಿತಿಯ (ಅಂಗನವಾಡಿ ನೋಡಿಕೊಳ್ಳುವ ಊರಿನವರ ಸಮಿತಿ) ಖಾತೆಗೆ ತಡವಾಗಿ ಬರುವ ಕಡೆ ಕಾರ್ಯಕರ್ತೆ ಮೊದಲು ಕೈಯಿಂದ ಹಾಕಿ, ಆಮೇಲೆ ಮಂಜೂರಾದ ದರದಷ್ಟೇ ಪಡೆಯುತ್ತಾಳೆ. ಮೊಟ್ಟೆಗೆ ಒಂದು ರೂಪಾಯಿ ವ್ಯತ್ಯಾಸ ಎಂದರೂ ತಿಂಗಳಿಗೆ ಅರವತ್ತರ ಹತ್ತಿರ ಅವಳ ಕೈಯಿಂದ ಹೋಗುತ್ತದೆ. ದೊಡ್ಡ ಕೇಂದ್ರದವಳು ಟ್ರೇಗಟ್ಟಲೆ ತರುತ್ತಾಳೆ, ಅವಳಿಗೆ ಈ ಕಷ್ಟ ಇಲ್ಲ.

ಅಕ್ಕಿಯದ್ದು ಮಳೆಗಾಲದ ಸಮಸ್ಯೆ. ಮಗುವಿಗೆ ದಿನಕ್ಕೆ 80 ಗ್ರಾಂ ಎಂದು ಹಿಡಿದರೂ ಏಳು ಮಕ್ಕಳಿಗೆ ತಿಂಗಳಿಗೆ 14 ಕಿಲೊ. 50 ಕಿಲೊದ ಚೀಲ ಇಳಿಸಿ ಹೋದರೆ ಅದು ಮೂರೂವರೆ ತಿಂಗಳು ಬರುತ್ತದೆ. ಜೂನ್ ಮೊದಲ ವಾರ ಬಂದ ಚೀಲ ಸೆಪ್ಟೆಂಬರಿನವರೆಗೆ! ಅಷ್ಟರಲ್ಲಿ ಅಡಿಯ ಅಕ್ಕಿ ಮುಗ್ಗಲು, ಮೇಲಿನದಕ್ಕೆ ಹುಳ. ಚೀಲವನ್ನು ನೆಲದಿಂದ ಅರ್ಧ ಅಡಿ ಮೇಲೆ ಹಲಗೆಯ ಮೇಲಿಟ್ಟು, ಗೋಡೆಗೆ ತಾಗದಂತೆ ಒಂದು ಗೇಣು ಬಿಟ್ಟರೆ ಸ್ವಲ್ಪ ತಡೆಯುತ್ತದೆ. ಆದರೆ ನಿಜವಾದ ಪರಿಹಾರ ಚಿಕ್ಕ ಕೇಂದ್ರಗಳಿಗೆ ಚಿಕ್ಕ ಚೀಲ. ಇನ್ನೊಂದು ಮಾತು: ಸಾರವರ್ಧಿತ ಅಕ್ಕಿಯಲ್ಲಿ ನೂರು ಕಾಳಿಗೆ ಒಂದರಂತೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿ ಹಿಟ್ಟಿನಿಂದ ಮಾಡಿದ ಕಾಳು ಇರುತ್ತದೆ. ತೊಳೆಯುವಾಗ ಅದು ತೇಲಿದರೆ ‘ಪ್ಲಾಸ್ಟಿಕ್ ಅಕ್ಕಿ’ ಎಂದು ಹೆಕ್ಕಿ ಎಸೆಯುವವರಿದ್ದಾರೆ. ಎಸೆದದ್ದೇ ಪೌಷ್ಟಿಕಾಂಶ. ಕುಚ್ಚಲಕ್ಕಿ ಗಂಜಿಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಬೆಳ್ತಿಗೆ ಅನ್ನ ಅಷ್ಟಾಗಿ ರುಚಿಸದು ಎಂಬುದು ಬೇರೆ ತಕರಾರು. ಅದನ್ನು ಇನ್ನೊಮ್ಮೆ ಬರೆಯಬಹುದು.

ಆದ್ದರಿಂದ ನಮ್ಮ ಮುಖ್ಯ ಬೇಡಿಕೆ ಹಣದ ಸೂತ್ರದ ಬಗ್ಗೆ. ಇಂಧನ, ಸಾಗಣೆ, ಸ್ವಚ್ಛತೆಯ ಖರ್ಚನ್ನು ತಲೆಯೆಣಿಕೆಯಿಂದ ಬಿಡಿಸಿ ಕೇಂದ್ರಕ್ಕೆ ಇಷ್ಟು ಎಂದು ಪ್ರತಿ ತಿಂಗಳು ಕೊಡಬೇಕು. ಆಹಾರ ಸಾಮಗ್ರಿಯದ್ದು ಮಾತ್ರ ತಲೆಯೆಣಿಕೆಯ ಮೇಲೆ ಇರಲಿ. ಅಲ್ಲಿಯವರೆಗೆ ಗ್ರಾಮ ಪಂಚಾಯಿತಿಗಳು ಕೈಜೋಡಿಸಬಹುದು. ಗಾಂಧಿ ಜಯಂತಿಯ ಆಚೀಚೆ ಪಂಚಾಯಿತಿ ಅಭಿವೃದ್ಧಿ ಯೋಜನೆಗೆಂದು ಗ್ರಾಮಸಭೆ ನಡೆಯುತ್ತದೆ. ಅಲ್ಲಿ ಅಂಗನವಾಡಿಯ ಬೇಡಿಕೆ ಬರೆಸದೆ ಫೆಬ್ರುವರಿಯಲ್ಲಿ ಮನವಿ ಕೊಟ್ಟರೆ ‘ಕ್ರಿಯಾ ಯೋಜನೆಯಲ್ಲಿ ಇಲ್ಲ’ ಎಂಬ ಉತ್ತರ ಖಚಿತ. ‘ಅಂಗನವಾಡಿ ದುರಸ್ತಿ’ ಎಂದಷ್ಟೇ ಬರೆಸಿದರೂ ಸಾಲದು. ‘ಹೆಂಚಿನ ಪಕಾಸು ಬದಲು’, ‘ಶೌಚಾಲಯಕ್ಕೆ ನೀರಿನ ಪೈಪು’, ‘ಅಡುಗೆ ಕೋಣೆಗೆ ಅಡ್ಡಗೋಡೆ’ ಎಂದು ಕೆಲಸದ ಹೆಸರು ಹೇಳಬೇಕು. ಹೆಸರಿಲ್ಲದ ದುರಸ್ತಿಯ ಹಣ ಬಣ್ಣ ಬಳಿಯುವುದರಲ್ಲಿ ಮುಗಿಯುತ್ತದೆ.

ಸ್ವಂತ ಕಟ್ಟಡ ಕಟ್ಟಲು ಇತ್ತೀಚಿನ ವರ್ಷಗಳಲ್ಲಿ ಇದ್ದ ಸೂತ್ರ ₹12 ಲಕ್ಷದ್ದು: ಉದ್ಯೋಗ ಖಾತರಿಯಿಂದ 8, ಹಣಕಾಸು ಆಯೋಗದ ಅನುದಾನದಿಂದ 2, ಇಲಾಖೆಯಿಂದ 2. ನಮ್ಮಲ್ಲಿ ದುಡ್ಡಿಗಿಂತ ಮೊದಲು ಸಿಗದಿರುವುದು ಜಾಗ. ಜಿಲ್ಲೆಯ ಸುಮಾರು 80% ಅರಣ್ಯ. ಊರ ನಡುವಿನ ಬೆಣವೂ (ಹುಲ್ಲುಗಾವಲು) ದಾಖಲೆಯಲ್ಲಿ ಕಾಡೇ. ‘ಅರಣ್ಯ ಇಲಾಖೆ ಒಪ್ಪುವುದಿಲ್ಲ’ ಎಂದು ಕಡತ ಮುಚ್ಚುವ ಮೊದಲು 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮು ಓದಬೇಕು. ಶಾಲೆ, ಆಸ್ಪತ್ರೆ, ನ್ಯಾಯಬೆಲೆ ಅಂಗಡಿಗಳ ಜೊತೆ ಅಂಗನವಾಡಿಯ ಹೆಸರೂ ಅಲ್ಲಿದೆ. ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಇರಬೇಕು. ಅಂಗನವಾಡಿಗೆ ಬೇಕಾದದ್ದು ಎರಡು ಮೂರು ಗುಂಟೆ. ಅರ್ಜಿ ವಲಯ ಅರಣ್ಯಾಧಿಕಾರಿಗೆ ಹೋಗಿ, ಸ್ಥಳ ನೋಡಿ, ವಿಭಾಗದ ಮಟ್ಟದಲ್ಲೇ ತೀರ್ಮಾನವಾಗುತ್ತದೆ. ಇದು ತಪ್ಪುವುದು ಹೆಚ್ಚಾಗಿ ಗ್ರಾಮಸಭೆಯ ಠರಾವಿನಲ್ಲಿ: ಕೋರಂ ಇಲ್ಲದ ಸಭೆಯ ಠರಾವು, ಸರ್ವೆ ನಂಬರು ಬರೆಯದ ಠರಾವು, ಇಲ್ಲವೇ ಗ್ರಾಮಸಭೆಯ ಬದಲು ಪಂಚಾಯಿತಿ ಸದಸ್ಯರ ಸಭೆಯ ಠರಾವು. ಮೂರೂ ಮರಳಿ ಬರುತ್ತವೆ.

ಈಗ ವಿಲೀನದ ಅಂತರ. ‘ಪಕ್ಕದ ಕೇಂದ್ರ 900 ಮೀಟರ್ ದೂರದಲ್ಲಿದೆ’ ಎಂದು ಕಡತದಲ್ಲಿ ಬರೆದಿರುತ್ತದೆ. ಅದು ನಕಾಶೆಯಲ್ಲಿ ಅಳೆದದ್ದು, ಅದೂ ಬೇಸಿಗೆಯಲ್ಲಿ. ನಡುವೆ ಒಂದು ಹಳ್ಳ ಇರುತ್ತದೆ. ಏಪ್ರಿಲಿನಲ್ಲಿ ಕಲ್ಲು ದಾಟಿ ಹೋಗಬಹುದು, ಜುಲೈಯಲ್ಲಿ ಅಡಿಕೆ ಮರದ ಕಾಲುಸಂಕದ ಮೇಲೆ ದೊಡ್ಡವರೇ ಕೈಹಿಡಿದು ದಾಟುತ್ತಾರೆ. ಉಪ್ಪುನೀರಿನ ಗಜನಿ ಗದ್ದೆಯ ಹಾಳಿಯ (ಏರಿಯ) ಮೇಲಿನ ದಾರಿ ಸಮುದ್ರ ಉಕ್ಕುವ ಭರತದ ಹೊತ್ತಿಗೆ ಮುಳುಗುತ್ತದೆ. ಕರಾವಳಿಯ ಐದು ತಾಲ್ಲೂಕುಗಳಲ್ಲಿ ಇನ್ನೊಂದು ಹೊಸ ಹೊಳೆ ಹುಟ್ಟಿದೆ: ಚತುಷ್ಪಥ ಹೆದ್ದಾರಿ. ರಸ್ತೆಯ ಈಚೆಯ ಕೇರಿಯ ಮಕ್ಕಳನ್ನು ಆಚೆಯ ಕೇಂದ್ರಕ್ಕೆ ಸೇರಿಸಿದರೆ ಅಂತರ 200 ಮೀಟರ್ ಇರಬಹುದು. ಅದನ್ನು ದಾಟುವುದು 3 ವರ್ಷದ ಮಗು, ದಿನಕ್ಕೆರಡು ಸಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿಯೇ ದಿನಗಟ್ಟಲೆ ಮುಚ್ಚಿತ್ತು. ಕೇರಿ ದಾರಿಗಳ ಮಾತು ಕೇಳುವುದೇ ಬೇಡ. ಅಂತರವನ್ನು ಜುಲೈ ತಿಂಗಳಲ್ಲಿ, ಮಗು ನಡೆಯುವ ದಾರಿಯಲ್ಲಿ, ತಾಯಂದಿರನ್ನು ಜೊತೆಗಿಟ್ಟುಕೊಂಡು ಅಳೆಯಬೇಕು. ಹಳ್ಳ, ಹೆದ್ದಾರಿ, ರೈಲು ಹಳಿ ಇವುಗಳಲ್ಲಿ ಒಂದು ಅಡ್ಡ ಬಂದರೂ ವಿಲೀನ ಬೇಡ. ಮಳೆಯ ರಜೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ರೆಡ್ ಅಲರ್ಟ್ ಬಂದ ದಿನ ಜಿಲ್ಲಾಧಿಕಾರಿ ಶಾಲೆ, ಅಂಗನವಾಡಿಗೆ ರಜೆ ಕೊಡುತ್ತಾರೆ. ಆ ರಜೆಯ ಮುಂಚಿನ, ನಂತರದ ದಿನಗಳಲ್ಲೂ ಮಕ್ಕಳು ಬರುವುದು ಕಡಿಮೆ. ಜೂನ್‌ನಿಂದ ಆಗಸ್ಟ್‌ವರೆಗಿನ ಸರಾಸರಿ ಹಾಜರಿ ಹಿಡಿದು ಕರಾವಳಿಯ ಕೇಂದ್ರವನ್ನು ಕೋಲಾರದ ಕೇಂದ್ರದ ಪಕ್ಕ ನಿಲ್ಲಿಸುವುದು ಸರಿಯಲ್ಲ.

ಪೋಷಕರು ವ್ಯಾನು ಹತ್ತಿಸುವುದಕ್ಕೆ ಅವರನ್ನು ಬೈದು ಪ್ರಯೋಜನವಿಲ್ಲ. ಅವರಿಗೆ ಬೇಕಾದದ್ದು ನಾಲ್ಕು ಅಕ್ಷರ, ಒಂದಿಷ್ಟು ಇಂಗ್ಲಿಷು, ಮತ್ತು ಒಂದನೇ ತರಗತಿಗೆ ಸೇರಿಸುವಾಗ ತೋರಿಸಲು ಒಂದು ಕಾಗದ. 6 ವರ್ಷ ತುಂಬಿದ ಮೇಲೆಯೇ ಒಂದನೇ ತರಗತಿ ಎಂಬ ನಿಯಮವನ್ನು 2025–26ಕ್ಕೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಸಿದಾಗ ಯುಕೆಜಿ ಮುಗಿಸಿರಬೇಕು ಎಂಬ ಷರತ್ತು ಇತ್ತು. ‘ಯುಕೆಜಿ’ ಎಂಬ ಆ ಒಂದು ಶಬ್ದ ಎಷ್ಟು ಮಕ್ಕಳನ್ನು ವ್ಯಾನಿಗೆ ಹತ್ತಿಸಿರಬಹುದು ಎಂದು ಊಹಿಸಬಹುದು. 6 ವರ್ಷದ ನಿಯಮ ಗಟ್ಟಿಯಾಗಿ ನಿಂತರೆ ಮೊದಲು ಐದೂವರೆಗೆ ಶಾಲೆಗೆ ಹೋಗುತ್ತಿದ್ದ ಮಗು ಇನ್ನೂ ಒಂದು ವರ್ಷ ಅಂಗನವಾಡಿಯಲ್ಲೇ ಇರಬೇಕಾಗುತ್ತದೆ. ಚಿಕ್ಕ ಕೇಂದ್ರಕ್ಕೆ ಇದರಿಂದ ಎರಡು ಮೂರು ಮಕ್ಕಳು ಹೆಚ್ಚಬಹುದು. ಆದರೆ ಆ ದೊಡ್ಡ ಮಕ್ಕಳಿಗೆ ಮೂರು ವರ್ಷದವರ ಹಾಡನ್ನೇ ಮತ್ತೆ ಹಾಡಿಸಿದರೆ ಅವರು ಕೂರುವುದಿಲ್ಲ. ಬೆಳಿಗ್ಗೆಯ ಒಂದು ಗಂಟೆ ಅವರಿಗಷ್ಟೇ ಮೀಸಲಿಟ್ಟು ಅಕ್ಷರ, ಎಣಿಕೆ, ಚಿತ್ರಪುಸ್ತಕ ಮಾಡಿಸಬೇಕು. ಏಳು ಮಕ್ಕಳ ಕೇಂದ್ರದಲ್ಲಿ ಇದು ಸುಲಭ. ಖಾಸಗಿ ಎಲ್‌ಕೆಜಿಯ ಮೂವತ್ತು ಮಕ್ಕಳ ಕೋಣೆಯಲ್ಲಿ ಕಷ್ಟ. ಚಿಕ್ಕ ಕೇಂದ್ರದ ಈ ಒಂದು ಲಾಭವನ್ನು ಪೋಷಕರಿಗೆ ಯಾರೂ ಹೇಳುತ್ತಿಲ್ಲ.

ಕಾಗದದ ವಿಚಾರ ಇನ್ನೂ ಸುಲಭ. 6 ತುಂಬಿ ಆ ವರ್ಷ ಒಂದನೇ ತರಗತಿಗೆ ಹೋಗುವ ಮಕ್ಕಳ ಪಟ್ಟಿಯನ್ನು ಮಾರ್ಚ್ ಕೊನೆಗೆ ಮಾಡಿ, ಹುಟ್ಟಿದ ತಾರೀಕು, ಹಾಜರಾದ ವರ್ಷಗಳು, ಚುಚ್ಚುಮದ್ದಿನ ವಿವರ, ಕೊನೆಯ ತೂಕ ಮತ್ತು ಎತ್ತರ ಬರೆದು, ಕಾರ್ಯಕರ್ತೆ ಮತ್ತು ಮೇಲ್ವಿಚಾರಕಿಯ ಸಹಿ ಹಾಕಿಸಿ ಒಂದು ಪ್ರತಿ ಪೋಷಕರಿಗೆ, ಒಂದು ಪ್ರತಿ ಹತ್ತಿರದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರಿಗೆ ಕೊಡಬೇಕು. ಈ ಪಟ್ಟಿ ಕೈಯಲ್ಲಿ ಇದ್ದರೆ ಏಪ್ರಿಲಿನಲ್ಲೇ ಮಾಸ್ತರರು ಆ ಮನೆಗಳಿಗೆ ಹೋಗಬಹುದು. ಇಲ್ಲದಿದ್ದರೆ ಅವರು ಮನೆ ಹುಡುಕುವ ಹೊತ್ತಿಗೆ ವ್ಯಾನಿನವರು ಬಂದುಹೋಗಿರುತ್ತಾರೆ.

— ಬಾಲವಿಕಾಸ ಸಮಿತಿಗಳ ಕೆಲವು ಸದಸ್ಯರು,
ಅಂಕೋಲಾ ಮತ್ತು ಕುಮಟಾ ತಾಲ್ಲೂಕು, ಉತ್ತರ ಕನ್ನಡ